ನೂರ ಐವರು

ಹಿಂದಿನವರಿಗೆ ಪುರಾಣಗಳಿದ್ದಂತೆ ಇಂದಿನವರಿಗೆ ವಿಜ್ಞಾನಕಥೆಗಳಿವೆ. ಪುರಾಣದ ವೀರನು ಲೋಕದಿಂದ ಲೋಕಕ್ಕೆ ಸಂಚರಿಸಿದರೆ, ವಿಜ್ಞಾನಕಥೆಯ ವೀರನು ಗ್ರಹದಿಂದ ಗ್ರಹಕ್ಕೆ ಸಂಚರಿಸುತ್ತಾನೆ. ಅವನ ಕೈಯಲ್ಲಿ ದಿವ್ಯಾಸ್ತ್ರವಿದ್ದರೆ ಇವನ ಕೈಯಲ್ಲಿ ಕಿರಣಾಸ್ತ್ರವಿರುತ್ತದೆ. ಉಡುಪು, ವಾಹನ, ಆಯುಧಗಳು ಬದಲಾದರೂ ಮನುಷ್ಯನ ಮನಸ್ಸು ಬದಲಾಗದಿರುವುದರಿಂದ ಎರಡು ಬಗೆಯ ಕಥೆಗಳಲ್ಲಿಯೂ ಕೆಲವು ಸನ್ನಿವೇಶಗಳು ಮತ್ತೆ ಮತ್ತೆ ಎದುರಾಗುತ್ತವೆ. ಅವುಗಳಲ್ಲಿ ಒಂದು ಹೀಗಿದೆ: ವೀರನಿಗೆ ಬಹು ಕಾಲದಿಂದ ಕೇಡು ಬಗೆಯುತ್ತ ಬಂದ ವೈರಿಯೊಬ್ಬನು ಸಂಕಟಕ್ಕೆ ಸಿಕ್ಕಿಕೊಂಡಿದ್ದಾನೆ. ಅವನನ್ನು ನುಂಗುತ್ತಿರುವ ವಿಪತ್ತು ನಾಳೆ ಎಲ್ಲರನ್ನೂ ನುಂಗಬಲ್ಲದು. ಈಗ ವೀರನು ಏನು ಮಾಡಬೇಕು? ವೈರಿಯ ನಾಶವನ್ನು ನೋಡಿ ಸಂತೋಷಪಡಬೇಕೆ, ಅಥವಾ ಅವನಿಗೆ ನೆರವಾಗಬೇಕೆ?

ಅಮೆರಿಕದಲ್ಲಿ ತಯಾರಾದ ‘ಸ್ಟಾರ್ ಟ್ರೆಕ್’ ಎಂಬ ಪ್ರಸಿದ್ಧ ಚಲನಚಿತ್ರ ಮಾಲೆಯಲ್ಲಿ, 1991ರಲ್ಲಿ ಬಂದ ಚಿತ್ರವೊಂದು ಇದನ್ನೇ ವಸ್ತುವಾಗಿ ಉಳ್ಳದ್ದು. ಆಕಾಶನೌಕೆಯ ನಾಯಕ ಕಿರ್ಕ್ ಎಂಬವನ ಮಗನನ್ನು ಕ್ಲಿಂಗನ್ ಎಂಬ ಅನ್ಯಗ್ರಹದವರು ಕೊಂದಿರುತ್ತಾರೆ. ಅದೇ ಕ್ಲಿಂಗನ್ನರ ನೆಲೆಗೆ ಮಹಾ ವಿಪತ್ತು ಒದಗಿ, ಅವರು ಶಾಂತಿಯನ್ನು ಬೇಡಿ ಬಂದಾಗ, ಅವರ ಮುಖಂಡನನ್ನು ಕಾವಲಿನೊಡನೆ ಕರೆತರುವ ಹೊಣೆ ಇವನ ಮೇಲೆಯೇ ಬೀಳುತ್ತದೆ. ಅವನಿಗೆ ಅದು ಎಳ್ಳಷ್ಟೂ ಇಷ್ಟವಿಲ್ಲ, ಆದರೂ ಹೊರಡುತ್ತಾನೆ. ಶಾಂತಿಯನ್ನು ಕೆಡಿಸಲು ಸಂಚು ಹೂಡಿದವರು ಎರಡು ಪಕ್ಷಗಳಲ್ಲಿಯೂ ಇದ್ದಾರೆಂದು ಮುಂದೆ ತಿಳಿಯುತ್ತದೆ. ಇಂಥ ಕಥೆಗಳಲ್ಲಿ ನಮ್ಮನ್ನು ಹಿಡಿದು ನಿಲ್ಲಿಸುವುದು ಯುದ್ಧದ ಆರ್ಭಟವಲ್ಲ. ಮನಸ್ಸು ‘ಬೇಡ’ ಎನ್ನುತ್ತಿರುವಾಗ ಕರ್ತವ್ಯವು ‘ನಡೆ’ ಎನ್ನುವ ಆ ಒಂದು ಗಳಿಗೆಯೇ ಇವುಗಳ ಜೀವಾಳ.

ಈ ಗಳಿಗೆಯನ್ನು ನಮ್ಮ ನಾಡು ಅನೇಕ ಶತಮಾನಗಳ ಹಿಂದೆಯೇ ಬಲ್ಲದು. ಚಿಕ್ಕಮಗಳೂರು ಜಿಲ್ಲೆಯ ತರೀಕೆರೆಗೆ ಸಮೀಪದಲ್ಲಿ ಅಮೃತಾಪುರವೆಂಬ ಗ್ರಾಮವಿದೆ. ಹೊಯ್ಸಳ ಅರಸ ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು 1196ರಲ್ಲಿ ಅಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯವು ಇಂದಿಗೂ ಸೊಗಸಾಗಿ ನಿಂತಿದೆ. ಮುಂದೆ ಹೊಯ್ಸಳ ಶಿಲ್ಪಿಗಳಲ್ಲಿ ಬಹು ಪ್ರಸಿದ್ಧನಾದ ರೂವಾರಿ ಮಲ್ಲಿತಮ್ಮನು ಇಲ್ಲಿಯ ಮಂಟಪದ ಭುವನೇಶ್ವರಿಗಳಲ್ಲಿ ತನ್ನ ಕೈಚಳಕವನ್ನು ತೋರಿದ್ದಾನೆ. ಕವಿಚಕ್ರವರ್ತಿ ಎನಿಸಿಕೊಂಡ ಜನ್ನನ ಪದ್ಯಗಳನ್ನು ಹೊತ್ತ ದೊಡ್ಡ ಶಿಲಾಶಾಸನವೂ ಇಲ್ಲಿದೆ. ತೆರೆದ ಮಂಟಪದ ಸುತ್ತಲಿನ ಗೋಡೆಯಲ್ಲಿ ನೂರ ನಲವತ್ತು ಫಲಕಗಳಲ್ಲಿ ಪುರಾಣಕಥೆಗಳನ್ನು ಕೆತ್ತಿದ್ದಾರೆ. ದಕ್ಷಿಣದ ಕಡೆ ಎಪ್ಪತ್ತು ಫಲಕಗಳಲ್ಲಿ ರಾಮಾಯಣ. ಉತ್ತರದ ಕಡೆ ಇಪ್ಪತ್ತೈದರಲ್ಲಿ ಶ್ರೀಕೃಷ್ಣನ ಲೀಲೆ, ನಲವತ್ತೈದರಲ್ಲಿ ಮಹಾಭಾರತ. ಓದು ಬಾರದವನಿಗೂ ಕಥೆ ತಿಳಿಯಲೆಂದು ಕಲ್ಲಿನಲ್ಲಿ ಬರೆದ ಗ್ರಂಥವಿದು. ಆ ಗೋಡೆಯ ಮುಂದೆ ನಿಂತವನಿಗೆ ಪಾಂಡವ ಕೌರವರ ದ್ವೇಷದ ನೆನಪಾಗುವುದು ಸಹಜ. ಆದರೆ ಆ ದ್ವೇಷದ ನಡುವೆಯೇ ಪಾಂಡವರು ಕೌರವರ ನೆರವಿಗೆ ಧಾವಿಸಿದ ಪ್ರಸಂಗವೊಂದಿದೆ. ಅದೇ ಅರಣ್ಯಪರ್ವದ ಘೋಷಯಾತ್ರೆ. ಕುಮಾರವ್ಯಾಸನೂ ತನ್ನ ಭಾರತದಲ್ಲಿ ಇದನ್ನು ಕನ್ನಡಿಗರಿಗೆ ಹೇಳಿದ್ದಾನೆ.

ಜೂಜಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಪಾಂಡವರು ದ್ವೈತವನದಲ್ಲಿ ನಾರುಡೆಯುಟ್ಟು ಗೆಡ್ಡೆಗೆಣಸುಗಳಿಂದ ಕಾಲ ಕಳೆಯುತ್ತಿದ್ದರು. ದುರ್ಯೋಧನನಿಗೆ ಅವರ ರಾಜ್ಯ ಸಿಕ್ಕಿದ್ದರೂ ತೃಪ್ತಿಯಿರಲಿಲ್ಲ. ಅವರ ಬಡತನವನ್ನು ಕಣ್ಣಾರೆ ಕಾಣಬೇಕು, ತನ್ನ ಸಿರಿಯನ್ನು ಅವರಿಗೆ ತೋರಿ ಹಂಗಿಸಬೇಕು ಎಂಬ ಆಸೆ ಅವನನ್ನು ಕಾಡಿತು. ತುರುಹಟ್ಟಿಗಳನ್ನು ನೋಡಿ ದನಕರುಗಳ ಲೆಕ್ಕ ತೆಗೆದುಕೊಳ್ಳುವ ನೆಪದಿಂದ ಅವನು ಕರ್ಣ, ಶಕುನಿ, ತಮ್ಮಂದಿರು, ರಾಣೀವಾಸ, ಸೈನ್ಯಗಳೊಡನೆ ಕಾಡಿಗೆ ಬಂದನು. ಅಲ್ಲಿಯ ಸರೋವರದ ಬಳಿ ಗಂಧರ್ವರು ಬೀಡುಬಿಟ್ಟಿದ್ದರು. ಮಾತಿಗೆ ಮಾತು ಬೆಳೆದು ಯುದ್ಧವಾಯಿತು. ಕರ್ಣನ ರಥ ಮುರಿಯಿತು. ಅವನು ರಣರಂಗವನ್ನು ಬಿಟ್ಟು ಹೋಗಬೇಕಾಯಿತು. ಗಂಧರ್ವರಾಜ ಚಿತ್ರಸೇನನು ದುರ್ಯೋಧನನನ್ನೂ ಅವನ ತಮ್ಮಂದಿರನ್ನೂ ಸ್ತ್ರೀಯರನ್ನೂ ಸೆರೆಹಿಡಿದು ಕೊಂಡೊಯ್ದನು. ಅಳಿದುಳಿದ ಮಂತ್ರಿಗಳು ಓಡಿ ಬಂದದ್ದು ಬೇರೆಲ್ಲಿಗೂ ಅಲ್ಲ. ತಾವು ಹಂಗಿಸಲೆಂದು ಹೊರಟಿದ್ದ ಪಾಂಡವರ ಎಲೆಮನೆಗೇ!

ಆಗ ಭೀಮನು ಆಡಿದ ಮಾತು ಯಾರೂ ಆಡಬಹುದಾದ ಮಾತು. ನಾವು ಬಹಳ ಶ್ರಮಪಟ್ಟು ಮಾಡಬೇಕಾಗಿದ್ದ ಕೆಲಸವನ್ನು ಗಂಧರ್ವರು ಮಾಡಿಕೊಟ್ಟಿದ್ದಾರೆ, ಒಳ್ಳೆಯದೇ ಆಯಿತು ಎಂದು ಅವನು ಸಂತೋಷಪಟ್ಟನು. ಇದನ್ನು ಕೇಳಿ ಭೀಮನನ್ನು ಕ್ರೂರನೆನ್ನುವುದು ನ್ಯಾಯವಲ್ಲ. ಅವನಿಗೆ ವಿಷವನ್ನು ಉಣಿಸಿದವರು ಇವರು. ಅರಗಿನ ಮನೆಗೆ ಬೆಂಕಿಯಿಡಿಸಿದವರು ಇವರು. ತುಂಬಿದ ಸಭೆಯಲ್ಲಿ ದ್ರೌಪದಿಯ ಮಾನವನ್ನು ಕಳೆಯಲು ನಿಂತವರು ಇವರು. ಅವನ ಸಿಟ್ಟಿಗೆ ಕಾರಣವಿತ್ತು. ಅವನ ನೆನಪು ಸುಳ್ಳಾಗಿರಲಿಲ್ಲ. ಹಳೆಯ ವೈರಿಗೆ ನೆರವಾಗು ಎಂದು ಉಪದೇಶಿಸುವವರು ಮೊದಲು ಭೀಮನ ಈ ಮಾತಿಗೆ ಕಿವಿಗೊಡಬೇಕು. ಅನ್ಯಾಯವನ್ನು ಉಂಡವನ ನೋವನ್ನು ಅಲ್ಲಗಳೆದು ಹೇಳುವ ಧರ್ಮವು ಧರ್ಮವಲ್ಲ. ಅದು ಬರಿಯ ಬಾಯಿಮಾತು.

ಧರ್ಮರಾಯನು ಭೀಮನ ನೋವನ್ನು ಅಲ್ಲಗಳೆಯಲಿಲ್ಲ. ಕೌರವರು ಒಳ್ಳೆಯವರೆಂದಾಗಲಿ, ಅವರು ಮಾಡಿದ್ದನ್ನು ಮರೆತುಬಿಡೋಣವೆಂದಾಗಲಿ ಅವನು ಹೇಳಲಿಲ್ಲ. ದಾಯಾದಿಗಳಲ್ಲಿ ಕಲಹ ಬರುವುದುಂಟು, ಆದರೆ ಅದರಿಂದ ಕುಲಧರ್ಮ ಅಳಿಯುವುದಿಲ್ಲ. ಹೊರಗಿನವನು ಬಂದು ಕುಲಕ್ಕೆ ಅವಮಾನ ಮಾಡಿದರೆ ಸಜ್ಜನರು ಸಹಿಸಬಾರದು. ಅಲ್ಲದೆ ಮರೆಹೊಕ್ಕವರನ್ನು ಕಾಯುವುದು ಕ್ಷತ್ರಿಯನ ಕರ್ತವ್ಯ. ಸೆರೆಯಾದವರಲ್ಲಿ ಹೆಂಗಸರೂ ಇದ್ದಾರೆ—ಇವು ಅವನು ಕೊಟ್ಟ ಕಾರಣಗಳು. ನಮ್ಮ ನಮ್ಮೊಳಗಿನ ಜಗಳದಲ್ಲಿ ಅವರು ನೂರು ಜನ, ನಾವು ಐವರು. ಆದರೆ ಹೊರಗಿನವರು ಮೇಲೆ ಬಿದ್ದಾಗ ನಾವು ನೂರ ಐವರು ಎಂಬ ಅಭಿಪ್ರಾಯವು ಅವನ ಹೆಸರಿನಲ್ಲಿ ಲೋಕದಲ್ಲಿ ಪ್ರಸಿದ್ಧವಾಗಿದೆ. ಅಣ್ಣನ ಆಜ್ಞೆಯಂತೆ ಭೀಮ, ಅರ್ಜುನ, ನಕುಲ, ಸಹದೇವರು ಹೊರಟರು. ಸಂತೋಷದಿಂದ ಹೊರಟರೆಂದು ಹೇಳಲಾಗದು, ಆದರೆ ಹೊರಟರು. ಅರ್ಜುನನ ಬಾಣಗಳ ಮುಂದೆ ಗಂಧರ್ವರು ನಿಲ್ಲದಾದರು. ಕೊನೆಗೆ, ಅರ್ಜುನನ ಸ್ನೇಹಿತನೇ ಆದ ಚಿತ್ರಸೇನನು ತನ್ನ ಗುರುತನ್ನು ತಿಳಿಸಿ, ಧರ್ಮರಾಯನ ಮಾತಿಗೆ ಬೆಲೆಕೊಟ್ಟು ಸೆರೆಯವರನ್ನು ಬಿಟ್ಟುಕೊಟ್ಟನು.

ನೂರ ಐವರು ಎಂಬ ಈ ಲೆಕ್ಕದಲ್ಲಿ ಸೂಕ್ಷ್ಮವೊಂದಿದೆ. ಐದು ನೂರರಲ್ಲಿ ಕರಗಿ ನೂರೇ ಆಗಿಬಿಡಲಿಲ್ಲ. ಐದು ಐದಾಗಿಯೇ ಉಳಿದು ನೂರರ ಜೊತೆಗೆ ಸೇರಿತು. ಪಾಂಡವರು ಕೌರವರನ್ನು ಬಿಡಿಸಿದರೇ ಹೊರತು ತಮ್ಮ ರಾಜ್ಯದ ಹಕ್ಕನ್ನು ಬಿಟ್ಟುಕೊಡಲಿಲ್ಲ. ದ್ರೌಪದಿಗಾದ ಅನ್ಯಾಯವನ್ನು ಮರೆಯಲಿಲ್ಲ. ಅಂತೆಯೇ ದುರ್ಯೋಧನನು ಕೈಗೆ ಸಿಕ್ಕಿದ್ದಾಗ, ರಾಜ್ಯವನ್ನು ಹಿಂದಕ್ಕೆ ಕೊಟ್ಟರೆ ಬಿಡಿಸುತ್ತೇವೆಂಬ ಕರಾರನ್ನೂ ಹಾಕಲಿಲ್ಲ. ನೆರವು ಬೇರೆ, ವ್ಯಾಜ್ಯ ಬೇರೆ. ವ್ಯಾಜ್ಯವನ್ನು ಅದರ ಕಾಲದಲ್ಲಿ, ಅದರ ಸ್ಥಳದಲ್ಲಿ ತೀರಿಸಿಕೊಳ್ಳಬೇಕು. ನೆರವನ್ನು ಮಾತ್ರ ವಿಪತ್ತಿನ ಕಾಲದಲ್ಲಿಯೇ ಕೊಡಬೇಕು. ಇವೆರಡನ್ನೂ ಬೆರಸಬಾರದೆಂಬುದೇ ಆ ಲೆಕ್ಕದ ಅರ್ಥ.

ಇಷ್ಟಾದ ಮೇಲೆ ದುರ್ಯೋಧನನ ಮನಸ್ಸು ತಿಳಿಯಾಯಿತೆ? ಇಲ್ಲ. ವೈರಿಗಳಿಂದ ಉಳಿದ ಪ್ರಾಣವೇ ಅವನಿಗೆ ಭಾರವಾಯಿತು. ಅನ್ನನೀರು ಬಿಟ್ಟು ಸಾಯಲೆಳಸಿದ ಅವನು ಮತ್ತೆ ಎದ್ದು ಕುಳಿತದ್ದು ಪಾಂಡವರನ್ನು ಗೆಲ್ಲುವ ಹಟದಿಂದಲೇ. ಮುಂದೆ ಕುರುಕ್ಷೇತ್ರ ಯುದ್ಧವೂ ನಡೆಯಿತು. ಹಾಗಾದರೆ ಧರ್ಮರಾಯನ ಉಪಕಾರ ವ್ಯರ್ಥವಾಯಿತಲ್ಲವೆ ಎಂದು ಕೇಳುವವರಿದ್ದಾರೆ. ವೈರಿಯ ಹೃದಯವನ್ನು ಪರಿವರ್ತಿಸುವುದೇ ಆ ಉಪಕಾರದ ಗುರಿಯಾಗಿದ್ದಿದ್ದರೆ ಅದು ವ್ಯರ್ಥವೆಂದೇ ಹೇಳಬೇಕಾಗಿತ್ತು. ಆದರೆ ಅದರ ಗುರಿ ಸೆರೆಯಲ್ಲಿದ್ದವರನ್ನು ಬಿಡಿಸುವುದಾಗಿತ್ತು, ಅದು ನೆರವೇರಿತು. ಮಾಡಿದ ನೆರವಿಗೆ ಪ್ರತಿಯಾಗಿ ಪ್ರೀತಿಯನ್ನು ನಿರೀಕ್ಷಿಸುವವನು ಬಹುಬೇಗ ನಿರಾಶನಾಗುತ್ತಾನೆ. ಕರ್ತವ್ಯವೆಂದು ಮಾಡುವವನಿಗೆ ಆ ಭಯವಿಲ್ಲ.

ಕಥೆಯಲ್ಲಿ ಸಾಧ್ಯವಾದದ್ದು ಚರಿತ್ರೆಯಲ್ಲಿ ಯಾವಾಗಲೂ ಸಾಧ್ಯವಾಗಲಿಲ್ಲ. ಅಮೃತಾಪುರದ ದೇವಾಲಯವನ್ನು ಕಟ್ಟಿಸಿದ ಅದೇ ಹೊಯ್ಸಳ ರಾಜ್ಯದ ಮುಂದಿನ ಕಥೆಯನ್ನು ನೋಡಬಹುದು. ಕಲ್ಯಾಣದ ಚಾಲುಕ್ಯರ ಪ್ರಭುತ್ವ ಕುಸಿದಾಗ ಅವರ ನಾಡಿಗಾಗಿ ದಕ್ಷಿಣದಿಂದ ಹೊಯ್ಸಳರೂ ಉತ್ತರದಿಂದ ದೇವಗಿರಿಯ ಸೇವುಣರೂ ಮುನ್ನುಗ್ಗಿದರು. ದೇವಾಲಯ ನಿರ್ಮಾಣಕ್ಕೆ ಕೆಲವೇ ವರ್ಷಗಳ ಹಿಂದೆ ಇಮ್ಮಡಿ ವೀರಬಲ್ಲಾಳನು ಗದಗಿನ ಸಮೀಪದ ಸೊರಟೂರಿನಲ್ಲಿ ಸೇವುಣರ ಭಿಲ್ಲಮನ ಸೈನ್ಯವನ್ನು ಸೋಲಿಸಿದನು. ಅಂದು ಮೊದಲಾದ ವೈರವು ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಮುಗಿಯಲಿಲ್ಲ. ಒಮ್ಮೆ ಇವರು ಗೆದ್ದ ನಾಡನ್ನು ಇನ್ನೊಮ್ಮೆ ಅವರು ಕಸಿದುಕೊಂಡರು. ಒಂದು ನೂರು ವರ್ಷಗಳ ಕಾಲ ಈ ಎರಡು ಬಲಿಷ್ಠ ರಾಜ್ಯಗಳು ಒಂದರ ಬಲವನ್ನು ಇನ್ನೊಂದು ಸವೆಸುತ್ತ ಬಂದವು.

1296ರಲ್ಲಿ, ಇನ್ನೂ ದೆಹಲಿಯ ಸಿಂಹಾಸನವನ್ನು ಏರಿರದ ಅಲಾವುದ್ದೀನ್ ಖಿಲ್ಜಿಯು ಹಠಾತ್ತನೆ ದೇವಗಿರಿಯ ಮೇಲೆ ದಾಳಿಮಾಡಿ ಅಪಾರ ಸಂಪತ್ತನ್ನು ಒಯ್ದನು. ಅದು ಸೇವುಣರಿಗೆ ಬಿದ್ದ ಪೆಟ್ಟು ಮಾತ್ರವಲ್ಲ, ದಕ್ಷಿಣದ ಅರಸರಿಗೆಲ್ಲ ಬಂದ ಎಚ್ಚರಿಕೆಯಾಗಿತ್ತು. ಆದರೆ ಆ ಎಚ್ಚರಿಕೆಯನ್ನು ಕೇಳಿ ಯಾರೂ ಒಂದಾಗಲಿಲ್ಲ. ಕೆಲವು ವರ್ಷಗಳ ಅನಂತರ ಅಲಾವುದ್ದೀನನ ಸೇನಾಪತಿ ಮಲಿಕ್ ಕಾಫರನು ಮತ್ತೆ ದೇವಗಿರಿಗೆ ಬಂದಾಗ ಸೇವುಣ ರಾಮಚಂದ್ರನು ದೆಹಲಿಗೆ ಅಧೀನನಾದನು. 1311ರಲ್ಲಿ ಕಾಫರನು ದೋರಸಮುದ್ರದ ಮೇಲೆ ನಡೆದಾಗ ಅವನ ಸೈನ್ಯಕ್ಕೆ ಬೇಕಾದ ಸಾಮಗ್ರಿ ಒದಗಿದ್ದು, ದಾರಿ ತೋರುವವರು ಸಿಕ್ಕಿದ್ದು ಅದೇ ದೇವಗಿರಿಯಲ್ಲಿ. ಆ ಹೊತ್ತಿಗೆ ಹೊಯ್ಸಳ ಅರಸ ಮುಮ್ಮಡಿ ಬಲ್ಲಾಳನು ರಾಜಧಾನಿಯಲ್ಲಿರಲಿಲ್ಲ. ಪಾಂಡ್ಯ ರಾಜ್ಯದಲ್ಲಿ ಅಣ್ಣತಮ್ಮಂದಿರ ನಡುವೆ ಸಿಂಹಾಸನಕ್ಕಾಗಿ ಕಲಹ ನಡೆಯುತ್ತಿದ್ದುದರಿಂದ, ಅದರಲ್ಲಿ ತನಗೇನಾದರೂ ಲಾಭ ದೊರೆತೀತೆಂದು ಅವನು ಸೈನ್ಯದೊಡನೆ ಆ ಕಡೆ ಹೋಗಿದ್ದನು. ಸುದ್ದಿ ತಿಳಿದು ಅವಸರದಿಂದ ಹಿಂದಿರುಗಿದರೂ ಶರಣಾಗುವುದು ತಪ್ಪಲಿಲ್ಲ. ಸೇವುಣರ ನಾಡು ದೋರಸಮುದ್ರಕ್ಕೆ ದಾರಿಯಾದಂತೆ, ಸೋತ ಬಲ್ಲಾಳನೂ ಪಾಂಡ್ಯ ದೇಶಕ್ಕೆ ಕಾಫರನ ಸೈನ್ಯಕ್ಕೆ ದಾರಿ ತೋರಬೇಕಾಗಿ ಬಂದಿತು.

ಇದನ್ನು ಮತಕ್ಕೂ ಮತಕ್ಕೂ ನಡೆದ ಹೋರಾಟವೆಂದು ತಿಳಿಯುವುದು ಸರಿಯಲ್ಲ. ದಾಳಿಯಿಟ್ಟವರ ಆಸೆ ಧನದ ಮೇಲೆ, ಅಧಿಕಾರದ ಮೇಲೆ ಇದ್ದಿತು. ದಾಳಿಗೆ ಸಿಕ್ಕಿದವರೂ ಅದೇ ಆಸೆಯಿಂದಲೇ ಪರಸ್ಪರ ಕಾದಾಡಿದ್ದರು. ರಾಮಚಂದ್ರನನ್ನಾಗಲಿ ಬಲ್ಲಾಳನನ್ನಾಗಲಿ ಇಂದು ನಾವು ಸುಲಭವಾಗಿ ದೂಷಿಸಲೂ ಆಗದು. ಸೋತು ಅಧೀನನಾದವನಿಗೆ ಒಲ್ಲೆನೆನ್ನುವ ಸ್ವಾತಂತ್ರ್ಯ ಎಷ್ಟಿರುತ್ತದೆ? ದೋಷವಿರುವುದು 1311ರಲ್ಲಲ್ಲ, ಒಲ್ಲೆನೆನ್ನುವ ಶಕ್ತಿ ಇನ್ನೂ ಇದ್ದ ಹಿಂದಿನ ಹದಿನೈದು ವರ್ಷಗಳಲ್ಲಿ. ದೇವಗಿರಿಯ ಗಾಯವನ್ನು ದೋರಸಮುದ್ರವು ತನ್ನ ಗಾಯವೆಂದು ತಿಳಿಯಲಿಲ್ಲ. ಪರಿಣಾಮವಾಗಿ ಒಬ್ಬೊಬ್ಬರಾಗಿ ಎಲ್ಲರೂ ಅಳಿದರು. 1318ರ ವೇಳೆಗೆ ಸೇವುಣರು, 1323ರಲ್ಲಿ ಓರುಗಲ್ಲಿನ ಕಾಕತೀಯರು ಅಸ್ತಂಗತರಾದರು. ಮಧುರೆಯ ಸುಲ್ತಾನರೊಡನೆ ಹೋರಾಡುತ್ತ ಮುಮ್ಮಡಿ ಬಲ್ಲಾಳನು ಮಡಿದ ಮೇಲೆ ಹೊಯ್ಸಳ ರಾಜ್ಯವೂ ಬಹುಕಾಲ ಬಾಳಲಿಲ್ಲ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯಂತಾಯಿತು. ನೂರ ಐವರ ಕಥೆಯನ್ನು ಗುಡಿಗಳಲ್ಲಿ ಕೇಳುತ್ತ ಬಂದ ನಾಡಿನಲ್ಲಿಯೇ ಆ ಲೆಕ್ಕವು ಮರೆತುಹೋಯಿತು.

ಹಾಗಾದರೆ ಪ್ರಬಲ ವೈರಿಗಳು ಒಂದಾಗಿ ವಿಪತ್ತನ್ನು ಗೆದ್ದ ಉದಾಹರಣೆಯೇ ಚರಿತ್ರೆಯಲ್ಲಿಲ್ಲವೆ? ಉಂಟು, ಅದೂ ನಮ್ಮ ಹಿರಿಯರ ಕಾಲದಲ್ಲಿಯೇ ನಡೆದದ್ದು. ಇಂಗ್ಲೆಂಡಿನ ಲೇಖಕ ಎಚ್. ಜಿ. ವೆಲ್ಸ್ ಅವರ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಎಂಬ ವಿಜ್ಞಾನಕಾದಂಬರಿಯು 1898ರಲ್ಲಿ ಪುಸ್ತಕವಾಗಿ ಪ್ರಕಟವಾಯಿತು. ಅದರಲ್ಲಿ ಮಂಗಳಗ್ರಹದ ಜೀವಿಗಳು ಭೂಮಿಯ ಮೇಲೆ ದಂಡೆತ್ತಿ ಬರುತ್ತವೆ. ಅವುಗಳನ್ನು ಕೊನೆಗೆ ಕೊಲ್ಲುವುದು ಮನುಷ್ಯರ ಫಿರಂಗಿಗಳಲ್ಲ. ಕಣ್ಣಿಗೆ ಕಾಣದ ರೋಗಾಣುಗಳು! ನಿಜಜೀವನದಲ್ಲಿ ಇದಕ್ಕೆ ವಿರುದ್ಧವಾದ ಕಥೆ ನಡೆಯಿತು. ಕಣ್ಣಿಗೆ ಕಾಣದ ರೋಗಾಣುವೇ ದಂಡೆತ್ತಿ ಬಂದ ವೈರಿಯಾಗಿತ್ತು. ಮನುಷ್ಯರು ಒಂದಾಗಿ ಅದನ್ನು ಗೆದ್ದರು.

ಆ ವೈರಿಯ ಹೆಸರು ಸಿಡುಬು. ಇಪ್ಪತ್ತನೆಯ ಶತಮಾನವೊಂದರಲ್ಲಿಯೇ ಸುಮಾರು 30 ಕೋಟಿ ಜನರನ್ನು ಅದು ಬಲಿತೆಗೆದುಕೊಂಡಿತೆಂದು ಅಂದಾಜುಮಾಡಿದ್ದಾರೆ. ಬದುಕಿ ಉಳಿದವರಲ್ಲಿ ಅನೇಕರ ಮುಖದ ಮೇಲೆ ಕಲೆಗಳು ಶಾಶ್ವತವಾಗಿ ಉಳಿದವು. ಕೆಲವರ ಕಣ್ಣೇ ಹೋಯಿತು. ಎರಡನೆಯ ಮಹಾಯುದ್ಧದ ಅನಂತರ ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳು ಬದ್ಧವೈರಿಗಳಾಗಿ, ಒಂದನ್ನೊಂದು ಸುಟ್ಟುಬಿಡಬಲ್ಲ ಪರಮಾಣು ಅಸ್ತ್ರಗಳನ್ನು ಕೂಡಿಹಾಕುತ್ತಿದ್ದ ಕಾಲವದು. ಕೆಲವು ವರ್ಷ ವಿಶ್ವ ಆರೋಗ್ಯ ಸಂಸ್ಥೆಯಿಂದ ದೂರ ಉಳಿದಿದ್ದ ಸೋವಿಯತ್ ಒಕ್ಕೂಟವು ಅದಕ್ಕೆ ಹಿಂದಿರುಗಿದ ಮೇಲೆ, 1958ರಲ್ಲಿ ಸಂಸ್ಥೆಯ ಮಹಾಸಭೆ ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಸೇರಿತು. ಸೋವಿಯತ್ ಒಕ್ಕೂಟದ ಉಪ ಆರೋಗ್ಯ ಸಚಿವ ವಿಕ್ಟರ್ ಝ್ಡಾನೊವ್ ಅವರು ವೈರಿಯ ನೆಲದ ಮೇಲೆ ನಿಂತು, ಸಿಡುಬನ್ನು ಜಗತ್ತಿನಿಂದಲೇ ಅಳಿಸಿಹಾಕೋಣವೆಂಬ ಸಲಹೆಯನ್ನು ಮುಂದಿಟ್ಟರು. ಆಗ ಅವರು ನೆನಪಿಸಿಕೊಂಡದ್ದು ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ನರನ್ನು. ಸಿಡುಬಿನ ಲಸಿಕೆಯನ್ನು ಕಂಡುಹಿಡಿದ ಎಡ್ವರ್ಡ್ ಜೆನ್ನರರಿಗೆ 1806ರಲ್ಲಿ ಬರೆದ ಪತ್ರದಲ್ಲಿ ಜೆಫರ್ಸನ್, ಮುಂದಿನ ಜನಾಂಗಗಳು ಈ ರೋಗವನ್ನು ಚರಿತ್ರೆಯಿಂದ ಮಾತ್ರ ತಿಳಿಯುವಂತಾಗುವುದೆಂಬ ಆಶಯವನ್ನು ವ್ಯಕ್ತಪಡಿಸಿದ್ದರು. ವೈರಿಯ ಮನೆಯ ಹಿರಿಯನ ಮಾತನ್ನು ಗೌರವದಿಂದ ಎತ್ತಿ ಹೇಳಿ ಅವನನ್ನು ಕೆಲಸಕ್ಕೆ ಕರೆದ ಈ ಜಾಣ್ಮೆ ಮೆಚ್ಚತಕ್ಕದ್ದು.

1967ರಲ್ಲಿ ಈ ಕಾರ್ಯಕ್ಕೆ ಹೊಸ ಹುರುಪು ಬಂದಿತು. ಅದರ ನಾಯಕತ್ವವನ್ನು ಅಮೆರಿಕದ ವೈದ್ಯ ಡೊನಾಲ್ಡ್ ಹೆಂಡರ್ಸನ್ ವಹಿಸಿಕೊಂಡರು. ಸೋವಿಯತ್ ಒಕ್ಕೂಟವು ಕೋಟಿಗಟ್ಟಲೆ ಪ್ರಮಾಣದ ಒಣ ಲಸಿಕೆಯನ್ನು ಭಾರತ ಮೊದಲಾದ ದೇಶಗಳಿಗೆ ಕೊಟ್ಟಿತು. ಅದನ್ನು ಚುಚ್ಚಲು ಬಳಸಿದ ಕವಲು ಮೊನೆಯ ಸೂಜಿ ಅಮೆರಿಕದಲ್ಲಿ ರೂಪುಗೊಂಡದ್ದು. ಒಬ್ಬರ ಮದ್ದು, ಇನ್ನೊಬ್ಬರ ಸೂಜಿ! ಅತ್ತ ವಿಯೆಟ್ನಾಮಿನಲ್ಲಿ ಈ ಎರಡು ಪಕ್ಷಗಳ ಆಯುಧಗಳು ಎದುರುಬದುರಾಗಿ ಸಿಡಿಯುತ್ತಿದ್ದಾಗಲೇ ಇತ್ತ ಹಳ್ಳಿಯ ಮಗುವಿನ ತೋಳಿನ ಮೇಲೆ ಎರಡೂ ಕೂಡಿ ಕೆಲಸಮಾಡಿದವು. ಭಾರತದ ಆರೋಗ್ಯ ಕಾರ್ಯಕರ್ತರು ಸಿಡುಬಿನ ಚಿತ್ರವಿದ್ದ ಕಾರ್ಡುಗಳನ್ನು ಹಿಡಿದು ಮನೆಮನೆಗೂ ಹೋಗಿ ರೋಗಿಗಳನ್ನು ಹುಡುಕಿದರು. ರೋಗವಿದ್ದಲ್ಲಿ ಸುತ್ತಲಿನವರಿಗೆಲ್ಲ ದಾಕು ಹಾಕಿ ಅದು ಹರಡದಂತೆ ತಡೆದರು. 1975ರ ಮೇ ತಿಂಗಳ ಅನಂತರ ನಮ್ಮ ದೇಶದಲ್ಲಿ ಸಿಡುಬು ಹುಟ್ಟಲಿಲ್ಲ. 1977ರಲ್ಲಿ ಸೊಮಾಲಿಯಾದಲ್ಲಿ ಕಾಣಿಸಿಕೊಂಡದ್ದೇ ಸಹಜವಾಗಿ ತಗುಲಿದ ಸಿಡುಬಿನ ಕೊನೆಯ ಪ್ರಕರಣ. 1980ರ ಮೇ 8ರಂದು ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು ಘೋಷಿಸಲಾಯಿತು. ಅಮೆರಿಕ ಸೋವಿಯತ್‌ಗಳ ವೈರ ಅಂದಿಗೂ ಮುಗಿದಿರಲಿಲ್ಲ ಎಂಬುದನ್ನು ಗಮನಿಸಬೇಕು. ಸ್ನೇಹವು ಹುಟ್ಟಲಿ, ಆಮೇಲೆ ಕೂಡಿ ಕೆಲಸಮಾಡೋಣವೆಂದು ಅವರು ಕಾದಿದ್ದರೆ ಇನ್ನೆಷ್ಟು ಲಕ್ಷ ಮಕ್ಕಳು ಸಾಯುತ್ತಿದ್ದರೋ!

ನಮ್ಮ ನೆರೆಯಲ್ಲಿಯೂ ಇಂಥ ಉದಾಹರಣೆಯುಂಟು. ಭಾರತ ಪಾಕಿಸ್ತಾನಗಳ ನಡುವಿನ ವೈಮನಸ್ಯ ಎಲ್ಲರಿಗೂ ತಿಳಿದದ್ದೇ. ಆದರೆ ಮರುಭೂಮಿಯ ಮಿಡತೆಗೆ ಗಡಿಯ ಬೇಲಿ ಕಾಣುವುದಿಲ್ಲ. ಅತ್ತ ಮರಿಯಾದ ದಂಡು ಇತ್ತಣ ಪೈರನ್ನು ತಿನ್ನುತ್ತದೆ. ಆದುದರಿಂದ 1964ರಲ್ಲಿ ಸ್ಥಾಪಿತವಾದ ಮಿಡತೆ ನಿಯಂತ್ರಣ ಆಯೋಗವೊಂದರಲ್ಲಿ ಆಫ್ಘಾನಿಸ್ತಾನ ಮತ್ತು ಇರಾನುಗಳೊಡನೆ ಈ ಎರಡು ದೇಶಗಳೂ ಸದಸ್ಯರಾದವು. ಮಿಡತೆಯ ಸುದ್ದಿಯನ್ನು ಬಚ್ಚಿಟ್ಟರೆ ಬಚ್ಚಿಟ್ಟವನ ಹೊಲವೂ ಉಳಿಯುವುದಿಲ್ಲವೆಂಬುದು ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ಅವುಗಳನ್ನು ಹಗುರವಾಗಿ ತಳ್ಳಿಹಾಕಬಾರದು. ನಾವು ಉಳಿಸಿದ ವೈರಿ ನಾಳೆ ನಮ್ಮ ಮೇಲೆಯೇ ತಿರುಗಿಬಿದ್ದರೆ ಏನು ಗತಿ ಎಂಬುದು ಮೊದಲನೆಯದು. ಅವನು ತಿರುಗಿಬೀಳಬಹುದು, ದುರ್ಯೋಧನನು ತಿರುಗಿಬಿದ್ದನಲ್ಲವೆ? ಆದುದರಿಂದಲೇ ನೆರವು ನೀಡುವವನು ಎಚ್ಚರವನ್ನು ಬಿಡಬೇಕಾಗಿಲ್ಲ. ಪಾಂಡವರು ಕೌರವರನ್ನು ಬಿಡಿಸಿದರು, ಆದರೆ ಗಾಂಡೀವವನ್ನು ಅವರಿಗೆ ಒಪ್ಪಿಸಲಿಲ್ಲ. ಕೈನೀಡುವುದಕ್ಕೂ ಕುರುಡಾಗಿ ನಂಬುವುದಕ್ಕೂ ವ್ಯತ್ಯಾಸವಿದೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದುದು. ‘ಹೊರಗಿನ ವೈರಿ ಬಂದಿದ್ದಾನೆ, ಈಗ ಯಾರೂ ತಮ್ಮ ಕಷ್ಟವನ್ನು ಹೇಳಬಾರದು’ ಎಂದು ಬಲವುಳ್ಳವರು ಬಲವಿಲ್ಲದವರ ಬಾಯಿ ಮುಚ್ಚಿಸುವುದುಂಟು. ಇಲ್ಲದ ವೈರಿಯನ್ನು ಕಲ್ಪಿಸಿ ತೋರಿಸುವುದೂ ಉಂಟು. ನೂರ ಐವರೆಂಬ ಮಾತು ನೂರು ಜನರ ಬಾಯಲ್ಲಿ ಮಾತ್ರ ಕೇಳಿಬಂದರೆ ಐವರು ಸಂಶಯಪಡುವುದು ನ್ಯಾಯವೇ. ಘೋಷಯಾತ್ರೆಯಲ್ಲಿ ಆ ಮಾತನ್ನು ಆಡಿದವನು ಅನ್ಯಾಯ ಮಾಡಿದ ದುರ್ಯೋಧನನಲ್ಲ, ಅನ್ಯಾಯಕ್ಕೆ ಗುರಿಯಾದ ಧರ್ಮರಾಯನು ಎಂಬುದನ್ನು ಮರೆಯಬಾರದು. ಆ ಮಾತಿಗೆ ತೂಕ ಬಂದದ್ದು ಅದರಿಂದಲೇ. ವಿಪತ್ತು ನಿಜವಾದದ್ದೇ? ಅದು ಎಲ್ಲರಿಗೂ ಬಂದದ್ದೇ? ಅದು ತೀರಿದ ಮೇಲೆ ನೊಂದವನ ದೂರನ್ನು ಕೇಳಲು ಎಲ್ಲರೂ ಸಿದ್ಧರಿದ್ದಾರೆಯೇ? ಈ ಮೂರು ಪ್ರಶ್ನೆಗಳಿಗೆ ‘ಹೌದು’ ಎಂಬ ಉತ್ತರ ಬಂದರೆ ಅದು ನಿಜವಾದ ಒಗ್ಗಟ್ಟು. ಬಾರದಿದ್ದರೆ ಅದು ಒಗ್ಗಟ್ಟಿನ ವೇಷ.

ಇಂದು ಎಲ್ಲರಿಗೂ ಬಂದಿರುವ ನಿಜವಾದ ವಿಪತ್ತುಗಳಿಗೇನೂ ಕೊರತೆಯಿಲ್ಲ. 2020ರಲ್ಲಿ ಕೊರೋನಾ ರೋಗವು ಜಗತ್ತನ್ನೆಲ್ಲ ವ್ಯಾಪಿಸಿದಾಗ ವಿಜ್ಞಾನಿಗಳು ದೇಶದ ಎಲ್ಲೆಯನ್ನು ಮೀರಿ ತಮ್ಮ ಅರಿವನ್ನು ಹಂಚಿಕೊಂಡರು. ಆದರೆ ಲಸಿಕೆ ಸಿದ್ಧವಾದ ಮೇಲೆ ಸಿರಿವಂತ ದೇಶಗಳು ತಮಗೆ ಬೇಕಾದುದನ್ನು ಮೊದಲೇ ಕಾದಿರಿಸಿಕೊಂಡವು. ಬಡ ದೇಶಗಳು ಕಾಯಬೇಕಾಯಿತು. ಸಿಡುಬಿನ ಕಾಲದ ಪಾಠವನ್ನು ನಾವು ಅರ್ಧ ಮಾತ್ರ ಕಲಿತಿದ್ದೇವೆಂದು ಇದರಿಂದ ತಿಳಿಯುತ್ತದೆ. ಭೂಮಿಯ ಬಿಸಿ ಏರುತ್ತಿರುವುದೂ ಇಂಥದೇ ವಿಪತ್ತು. ಮಳೆಯು ಕಾಲತಪ್ಪಿದರೆ ಅದು ಯಾವ ಪಕ್ಷದವನ ಹೊಲವೆಂದು ವಿಚಾರಿಸುವುದಿಲ್ಲ.

ಇದು ದೊಡ್ಡ ರಾಷ್ಟ್ರಗಳ ಮಾತು, ನಮಗೇನು ಸಂಬಂಧ ಎಂದು ವಿದ್ಯಾರ್ಥಿಗಳು ಕೇಳಬಹುದು. ಕಡೂರು ಸೀಮೆಯ ಅಯ್ಯನಕೆರೆ, ಮದಗದ ಕೆರೆಗಳಂಥ ಹಿರಿಯ ಕೆರೆಗಳ ಏರಿಯ ಮೇಲೆ ನಿಂತು ಯೋಚಿಸಿದರೆ ಸಂಬಂಧ ತಾನಾಗಿ ತಿಳಿಯುತ್ತದೆ. ಕೆಳಗಿನ ಗದ್ದೆಗಳ ಒಡೆಯರಲ್ಲಿ ಬದುವಿಗಾಗಿ ಜಗಳವಾಡಿದವರು ಇರುತ್ತಾರೆ. ನ್ಯಾಯಾಲಯಕ್ಕೆ ಅಲೆದವರು ಇರುತ್ತಾರೆ. ಮಾತು ಬಿಟ್ಟ ಅಣ್ಣತಮ್ಮಂದಿರು ಇರುತ್ತಾರೆ. ಆದರೆ ಭಾರಿ ಮಳೆಯ ರಾತ್ರಿ ಏರಿಯಲ್ಲಿ ಬಿರುಕು ಕಾಣಿಸಿತೆಂದರೆ, ಮಣ್ಣಿನ ಪುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುವಾಗ ಪಕ್ಕದಲ್ಲಿ ನಿಂತವನು ಯಾರೆಂದು ನೋಡುತ್ತ ಕೂರಲು ಸಮಯವೆಲ್ಲಿ? ಬೆಳಗಾದ ಮೇಲೆ ಬದುವಿನ ವ್ಯಾಜ್ಯವನ್ನು ಮುಂದುವರಿಸಬಹುದು. ಏರಿ ಒಡೆದುಹೋದರೆ ವ್ಯಾಜ್ಯ ಹೂಡಲು ಬದುವೇ ಉಳಿಯುವುದಿಲ್ಲ.

ಮನಸ್ಸಿಲ್ಲದ ಮನಸ್ಸಿನಿಂದ ಮಾಡುವ ನೆರವು ಕೀಳಾದುದೆಂದು ಕೆಲವರು ಭಾವಿಸುತ್ತಾರೆ. ಅದು ಸರಿಯಲ್ಲ. ಪ್ರೀತಿಸುವವರಿಗೆ ನೆರವಾಗುವುದರಲ್ಲಿ ಕಷ್ಟವೇನಿದೆ? ತಾಯಿ ಮಗುವಿಗೆ ಹಾಲೆರೆಯಲು ಶಾಸ್ತ್ರವನ್ನು ಓದಬೇಕಾಗಿಲ್ಲ. ಪ್ರೀತಿ ಇಲ್ಲದ ಕಡೆ, ಹಳೆಯ ನೋವು ಇನ್ನೂ ಆರದಿರುವ ಕಡೆ, ಧರ್ಮವನ್ನು ನೆನೆದು ಹೆಜ್ಜೆ ಇಡುವುದೇ ಕಷ್ಟ. ಅಂದು ದ್ವೈತವನದಲ್ಲಿ ಹೆಚ್ಚಿನ ಗೆಲುವು ಯಾರದು? ಸಹಜವಾಗಿಯೇ ಶಾಂತನಾಗಿದ್ದ ಧರ್ಮರಾಯನದಿರಲಿ. ಎದೆಯಲ್ಲಿ ಉರಿಯುತ್ತಿದ್ದ ಸಿಟ್ಟನ್ನು ಅದುಮಿಕೊಂಡು ಗದೆಯನ್ನೆತ್ತಿ ವೈರಿಯನ್ನು ಬಿಡಿಸಲು ನಡೆದ ಭೀಮನದು ಅದಕ್ಕಿಂತ ಕಿರಿದಾದ ಗೆಲುವಲ್ಲ. ಪ್ರೀತಿಯನ್ನು ಆಜ್ಞೆಮಾಡಿ ತರಿಸಲಾಗದು. ಅದು ಬಂದಾಗ ಬರಲಿ. ಕರ್ತವ್ಯಕ್ಕೆ ಅದರ ಅಪ್ಪಣೆ ಬೇಕಾಗಿಲ್ಲ.